ಕಲಮಜೂ ಎಕ್ಸಿಟ್‌ನ ಶನಿವಾರದ ಊಟ

ಕಳೆದ ಅಕ್ಟೋಬರ್‌ನಲ್ಲಿ ಸ್ನೇಹಿತೆಯೊಬ್ಬಳ ತಂಗಿಯ ಮದುವೆಗೆಂದು ಷಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ಗೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ, ಕಲಮಜೂ ಹತ್ತಿರ, ಪೆಟ್ರೋಲ್ ಹಾಕಿಸಲು ನನ್ನ ಗಂಡ ಕಾರನ್ನು ಹೆದ್ದಾರಿಯಿಂದ ಇಳಿಯುವ ಎಕ್ಸಿಟ್‌ಗೆ ತಿರುಗಿಸಿದರು. ಹಿಂದಿನ ಸೀಟಿನಲ್ಲಿದ್ದ ಮಗಳಿಗೆ ಬಾಳೆಹಣ್ಣು ಸುಲಿದುಕೊಡುತ್ತಿದ್ದ ನಾನು ಯಾವ ಎಕ್ಸಿಟ್ ಎಂದು ಗಮನಿಸಿರಲಿಲ್ಲ. ಬಾಗಿಲು ತೆರೆದು ಕಾಲು ಕೆಳಗಿಟ್ಟಾಗ ಗಾಳಿಯಲ್ಲಿ ಸುಡುತ್ತಿರುವ ಮಾಂಸದ ವಾಸನೆ ತೇಲಿಬಂತು. ಹತ್ತಿರದ ಯಾವುದೋ ಹೋಟೆಲಿನ ಹೊಗೆ.

ಆ ವಾಸನೆಗೆ ಬಹಳ ಜನರ ಬಾಯಲ್ಲಿ ನೀರೂರುತ್ತದೆ, ನಮ್ಮಮ್ಮನಂಥವರು ಮೂಗು ಮುಚ್ಚಿಕೊಳ್ಳುತ್ತಾರೆ. ನನ್ನ ಕಣ್ಣು ಮಾತ್ರ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದ ಕಾರುಗಳ ಮೇಲೆ ಓಡಿತು. ಬೂದು ಬಣ್ಣದ, ಎಡಗಡೆಯ ಬಂಪರ್ ಜಜ್ಜಿಹೋದ ಹಳೆಯ ಕಾರೊಂದು ಬಂದು ನಿಂತಿದೆಯೇ ಎಂದು ಹುಡುಕುತ್ತಿದ್ದೆ. ಆ ಕಾರು ಗುಜರಿ ಸೇರಿ ಎಷ್ಟೋ ವರ್ಷಗಳಾಗಿವೆ. ಅದನ್ನು ಓಡಿಸುತ್ತಿದ್ದ ನಮ್ಮಪ್ಪ ನೇಪರ್‌ವಿಲ್‌ನಲ್ಲಿ, ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿ, ಆರಾಮಾಗಿದ್ದಾರೆ. ಆದರೂ ಕಾರುಗಳ ಸಾಲನ್ನು ಮತ್ತೊಮ್ಮೆ ಕೊನೆಯವರೆಗೂ ನೋಡಿದೆ.

ಆ ಕಾರನ್ನು ನಾನು ಹಾಗೆ ಹುಡುಕುತ್ತಿದ್ದದ್ದು ಏಳನೇ ಗ್ರೇಡಿನಲ್ಲಿದ್ದ ವರ್ಷ. ಕ್ಯಾಂಟನ್‌ನ ಹೊಸ ಬಡಾವಣೆಯೊಂದರಲ್ಲಿ ನಮ್ಮ ಮನೆಯಿತ್ತು. ಅಪ್ಪ ಕಾರಿನ ಬ್ರೇಕ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. ಅಮ್ಮ ಆನ್ ಆರ್ಬರ್‌ನಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. ಆ ಬೇಸಿಗೆಯಲ್ಲಿ ಡೆಟ್ರಾಯಿಟ್ ಸುತ್ತಮುತ್ತ ದಿನಕ್ಕೊಬ್ಬರ ಮನೆಯಿಂದ ಕೆಲಸ ಹೋದ ಸುದ್ದಿ ಬರುತ್ತಿತ್ತು. ಮೊದಲು ಪಕ್ಕದ ಬೀದಿಯ ಅಂಕಲ್‌ಗೆ ಹೋಯಿತು. ಆಮೇಲೆ ಅಪ್ಪನಿಗೆ. ಕೆಲವು ವಾರ ಅಪ್ಪ ಹಗಲು ಹೊತ್ತು ಮನೆಯಲ್ಲಿದ್ದು, ಬೇಕಿಲ್ಲದಿದ್ದರೂ ಹುಲ್ಲು ಕತ್ತರಿಸಿ, ಗರಾಜ್ ಗುಡಿಸಿ, ಕೊನೆಗೆ ಷಿಕಾಗೋ ಪಕ್ಕದ ಲೈಲ್‌ನಲ್ಲಿ ಒಂದು ಕೆಲಸ ಹಿಡಿದರು. ನಾವೆಲ್ಲ ಹೊರಡುವಂತಿರಲಿಲ್ಲ. ನಾಲ್ವರ ಆಸ್ಪತ್ರೆ ಖರ್ಚಿನ ಇನ್ಶೂರೆನ್ಸ್ ಅಮ್ಮನ ಕೆಲಸದ ಮೇಲೆ ನಿಂತಿತ್ತು. ಹೊಸ ಕೆಲಸ ಎಷ್ಟು ದಿನ ಇರುತ್ತದೋ ಯಾರಿಗೂ ಗೊತ್ತಿರಲಿಲ್ಲ.

"ಆರು ತಿಂಗಳು ಅಷ್ಟ, ಗೀತಾ. ಆಮ್ಯಾಲೆ ನೋಡೋಣಂತ," ಎಂದರು ಅಪ್ಪ, ಅಮ್ಮನಿಗೆ. ಅವರು ಧಾರವಾಡದವರು. ಅಮ್ಮ ಮೈಸೂರಿನವರು. ಇಬ್ಬರ ಕನ್ನಡವೂ ನನ್ನ ಕಿವಿಯಲ್ಲಿತ್ತು, ನಾನು ಐದು ವರ್ಷದವಳಾಗಿ ಇಲ್ಲಿಗೆ ಬಂದವಳು. ತಮ್ಮ ನಿಖಿಲ್ ಇಲ್ಲೇ ಹುಟ್ಟಿದವನು. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ.

"ಆರು ತಿಂಗಳು ಅಂತ ಬರೆದುಕೊಟ್ಟಿದಾರಾ?" ಎಂದು ಅಮ್ಮ ಕೇಳಿದ್ದಕ್ಕೆ ಅಪ್ಪ ಸೂಟ್‌ಕೇಸಿನ ಜಿಪ್ ಎಳೆದರು.

ಶನಿವಾರ ಮಧ್ಯಾಹ್ನದವರೆಗೆ ಅಪ್ಪನಿಗೆ ಪ್ಲಾಂಟಿನಲ್ಲಿ ಕೆಲಸ, ಭಾನುವಾರವೂ ಯಾವಾಗ ಬೇಕಾದರೂ ಕರೆ ಬರಬಹುದಿತ್ತು. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಲ್ಯಾಬ್ ಡ್ಯೂಟಿ. ಅಪ್ಪ ಮನೆಯವರೆಗೂ ಬಂದು ಹೋಗುವಷ್ಟು ಹೊತ್ತಾಗಲೀ, ಅವರ ಹಳೆಯ ಕಾರಿಗೆ ಅಷ್ಟು ದಮ್ಮಾಗಲೀ ಇರಲಿಲ್ಲ. ಹೀಗಾಗಿ ಅವರು ಆ ಕಡೆಯಿಂದ, ನಾವು ಈ ಕಡೆಯಿಂದ ಡ್ರೈವ್ ಮಾಡಿಕೊಂಡು ನಡುವೆ ಕಲಮಜೂದಲ್ಲಿ ಸೇರುವುದು, ಒಟ್ಟಿಗೆ ರಾತ್ರಿಯ ಊಟ ಮಾಡಿ ಮತ್ತೆ ಎರಡು ದಿಕ್ಕಿಗೆ ಹೊರಡುವುದು ಎಂದು ತೀರ್ಮಾನವಾಯಿತು.

ಊಟಕ್ಕೆ ಒಂದು ಸ್ಟೇಕ್‌ಹೌಸನ್ನು, ದಪ್ಪ ಮಾಂಸದ ತುಂಡುಗಳನ್ನು ಸುಟ್ಟುಕೊಡುವ ಹೋಟೆಲನ್ನು, ಆರಿಸಿದ್ದು ಅಮ್ಮನೇ. ಮನೆಯೊಳಗೆ ಮೊಟ್ಟೆಯನ್ನೂ ತರದವರು! ಎಕ್ಸಿಟ್ ಇಳಿದ ಕೂಡಲೇ ಸಿಗುತ್ತಿತ್ತು, ಪಾರ್ಕಿಂಗ್‌ನಲ್ಲಿ ಬೆಳಕಿತ್ತು, ಎಷ್ಟು ಹೊತ್ತು ಕೂತರೂ ಯಾರೂ ಏಳಿಸುತ್ತಿರಲಿಲ್ಲ. ಸಾಲಡ್ ಇತ್ತು, ಬೆಣ್ಣೆ ಹಾಕಿದ ಬನ್ನಿತ್ತು, ಅಂಗೈ ಗಾತ್ರದ ಸುಟ್ಟ ಆಲೂಗಡ್ಡೆಯಿತ್ತು. ಅಮ್ಮ ಬ್ಯಾಗಿನಲ್ಲಿ ಚಟ್ನಿಪುಡಿಯ ಡಬ್ಬಿ ತರುತ್ತಿದ್ದರು. ಆಲೂಗಡ್ಡೆಯನ್ನು ಸೀಳಿ, ಬೆಣ್ಣೆಯ ಮೇಲೆ ಚಟ್ನಿಪುಡಿ ಉದುರಿಸಿ ನಾಲ್ವರಿಗೂ ಹಂಚುತ್ತಿದ್ದರು. ಸುತ್ತಲೂ ಮಾಂಸ ಚುಂಯ್‌ಗುಡುತ್ತಿರುವ ತಟ್ಟೆಗಳ ನಡುವೆ ನಮ್ಮದೊಂದು ಪುಟ್ಟ ಮೈಸೂರು. ಡೆಬ್ ಎಂಬ ಹೆಂಗಸು ನಮಗೆ ಬಡಿಸುತ್ತಿದ್ದಳು. ವಯಸ್ಸಿನಲ್ಲಿ ಅಮ್ಮನಿಗಿಂತ ದೊಡ್ಡವಳು, ಎಲ್ಲರನ್ನೂ ಮುದ್ದಿನಿಂದ 'ಹನಿ' ಎಂದು ಕರೆಯುವವಳು. ನಾವು ಮಾಂಸ ತಿನ್ನುವುದಿಲ್ಲ ಎಂದು ಮೊದಲ ದಿನ ಕೇಳಿ ಕಣ್ಣರಳಿಸಿದಳು. ಆಮೇಲೆ ಕೇಳದೆಯೇ ಹೆಚ್ಚುವರಿ ಬನ್ ತಂದಿಡುತ್ತಿದ್ದಳು.

ನಾವು ಹೋದಾಗಲೆಲ್ಲ ಅಪ್ಪ ಮೊದಲೇ ಬಂದು ಕೂತಿರುತ್ತಿದ್ದರು. ಎಕ್ಸಿಟ್ ಇಳಿಯುವಾಗಲೇ ನಾನು ಕಿಟಕಿಗೆ ಮೂಗು ಒತ್ತಿ ಬೂದು ಕಾರು ಹುಡುಕುತ್ತಿದ್ದೆ. ಕಂಡಿತೆಂದರೆ ಉಸಿರು ಬಿಡುತ್ತಿದ್ದೆ. ಉಳಿದ ದಿನಗಳಲ್ಲಿ ಊಟಕ್ಕೆ ಕೂತಾಗ ಅಮ್ಮ ಫೋನನ್ನು ಸ್ಪೀಕರ್‌ಗೆ ಹಾಕಿ ಅಪ್ಪನ ಕುರ್ಚಿಯ ಮುಂದೆ ಇಡುತ್ತಿದ್ದರು. "ಇವತ್ತೇನ ಊಟ?" ಎಂದು ಫೋನು ಕೇಳುತ್ತಿತ್ತು. "ಹುರುಳಿಕಾಯಿ ಪಲ್ಯ, ಸಾರು. ನಿಮ್ಮದು?" "ನಂದು ಬ್ರೆಡ್ಡು." ಅವರು ಅಗಿಯುವುದು ಕೇಳಿಸುತ್ತಿತ್ತು. ಮಾತು ನಿಂತರೆ ನನಗೆ ದಿಗಿಲು. ಸ್ಕೂಲಿನಲ್ಲಿ ನಡೆಯದ್ದನ್ನೆಲ್ಲ ಕಟ್ಟಿ ಹೇಳಿ ಆ ಖಾಲಿಯನ್ನು ತುಂಬಿಸುತ್ತಿದ್ದೆ.

ದೀಪಾವಳಿಗೆ ಕ್ಯಾಂಟನ್‌ನಲ್ಲಿ ಕನ್ನಡದವರೆಲ್ಲ ಸೇರಿ ಊಟ ಇಟ್ಟುಕೊಂಡಿದ್ದರು. ಬಿಸಿಬೇಳೆಬಾತಿನ ಸಾಲಿನಲ್ಲಿ ಆಂಟಿಯೊಬ್ಬರು ಅಮ್ಮನನ್ನು ಹಿಡಿದು, "ಇನ್ನೂ ಅವರು ಅಲ್ಲೇ ಇದಾರಾ? ಹೀಗೆ ಬೇರೆ ಬೇರೆ ಇರೋದು ಒಳ್ಳೇದಲ್ಲ ಗೀತಾ. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಇದ್ರಲ್ಲ ನಮ್ಮ ಡಾಕ್ಟರ್ ಫ್ರೆಂಡು, ಅವರೂ ಹೀಗೇ ಒಂದು ವರ್ಷಕ್ಕೆ ಅಂತ ಅಂದ್ಕೊಂಡಿದ್ರು. ಈಗ ಲಾಯರ್ ಮೂಲಕ ಮಾತಾಡ್ತಾರಂತೆ," ಎಂದರು.

ಅಮ್ಮ ನಕ್ಕು, "ನಮ್ಮದು ಹಾಗೇನಿಲ್ಲ ಆಂಟಿ," ಎಂದರು. ಬಾತು ಬಡಿಸಿಕೊಳ್ಳುವಾಗ ಅವರ ಸೌಟು ತಟ್ಟೆಯಂಚಿಗೆ ಬಡಿದು ಸೀರೆಯ ಮೇಲೆ ಚೆಲ್ಲಿತು. ಅವತ್ತಿನಿಂದ 'ಡಿವೋರ್ಸ್' ಎಂಬ ಪದ ನನ್ನ ತಲೆಯೊಳಗೆ ಕೂತಿತು. ಗಣಿತದ ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಹಲ್ಲುಜ್ಜುವಾಗ.

ನವೆಂಬರ್‌ನ ಒಂದು ಶನಿವಾರ ಅಮ್ಮನ ಮನೆಗೆಲಸ ಬೇಗ ಮುಗಿಯಿತು, ರಸ್ತೆಯೂ ಖಾಲಿಯಿತ್ತು. ಎಂದಿಗಿಂತ ಬಹಳ ಮುಂಚೆ ತಲುಪಿದೆವು. ಅಪ್ಪ ಆಗಲೇ ನಮ್ಮ ಮಾಮೂಲಿ ಟೇಬಲ್ಲಿನಲ್ಲಿದ್ದರು. ನಮ್ಮನ್ನು ಕಂಡು ಧಡಕ್ಕನೆ ಎದ್ದರು. ಖುಷಿಯಿಂದ ಎಂದುಕೊಂಡೆ. ನಾವು ಜಾಕೆಟ್ ಬಿಚ್ಚಿ ಕೂತೆವು. ಅಷ್ಟರಲ್ಲಿ ಡೆಬ್ ಒಳಗಿಂದ ಬಂದು, ನಮ್ಮನ್ನು ಪೂರಾ ನೋಡದೆ, ಅಪ್ಪನನ್ನು ಕೇಳಿದಳು: "ಇವತ್ತೂ ಅದೇನಾ, ಹನಿ? ಸ್ಟೇಕ್, ಮೀಡಿಯಂ ವೆಲ್?"

ಡೆಬ್ ನಮ್ಮ ಮುಖಗಳನ್ನು ನೋಡಿ ಪೆನ್ನನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿದಳು. ತಾನು ಏನೋ ಕೆಡಿಸಿದೆನೆಂದು ಅವಳಿಗೂ ಗೊತ್ತಾಯಿತು.

ಅಪ್ಪ ಅಮ್ಮನ ಕಡೆ ತಿರುಗಿದರು. "ಹೇಳಬೇಕು ಅಂತ ಮಾಡಿದ್ದೆ."

"ಎಷ್ಟು ದಿನದಿಂದ?"

"ಬಂದ ಮೊದಲನೇ ತಿಂಗಳದಿಂದ. ಶನಿವಾರ ಆ ರೂಮಿನ್ಯಾಗ ಇರಾಕ ಆಗೂದಿಲ್ಲ ಗೀತಾ. ಕೆಲಸ ಮುಗಿದ ಕೂಡಲೇ ಇಲ್ಲಿಗೆ ಬಂದು ಕೂಡತೇನಿ, ನೀವು ಬರೂತನ. ಸುಮ್ಮನ ಹೆಂಗ ಕೂಡೂದು? ಒಂದಿನ ಆರ್ಡರ್ ಮಾಡಿದೆ. ನೋಡೂರು ಯಾರೂ ಇರಲಿಲ್ಲ. ತಿಂದೆ. ರುಚಿ ಅನಿಸ್ತು."

"ದನದ ಮಾಂಸ," ಎಂದರು ಅಮ್ಮ, ಬಹಳ ಮೆಲ್ಲಗೆ.

"ಹೌದು."

ಅಮ್ಮ ನ್ಯಾಪ್‌ಕಿನ್ನನ್ನು ತೊಡೆಯ ಮೇಲೆ ಹರಡಿಕೊಂಡು, ಅದರ ಸುಕ್ಕನ್ನು ಕೈಯಿಂದ ತೀಡಿ, "ಆರ್ಡರ್ ಹೇಳಿ. ಅವರು ಕಾಯ್ತಿದಾರೆ," ಎಂದರು.

ಸ್ಟೇಕ್ ಬಂತು. ಕಪ್ಪು ಬಣ್ಣದ ದಪ್ಪ ತುಂಡು, ಮೇಲೆ ಜಾಲರಿಯ ಬರೆ. ಮೀಡಿಯಂ ವೆಲ್ ಎಂದರೆ ಪೂರ್ತಿ ಬೇಯಿಸದ್ದು, ಅದಕ್ಕೇ ಕೆಳಗೆ ನಸುಗೆಂಪು ರಸ. ಅಪ್ಪ ಚಾಕು ಎತ್ತಿಕೊಂಡು ಅದನ್ನು ತುಂಡು ಮಾಡತೊಡಗಿದರು. ನಿಖಿಲ್‌ಗೆ ಏನೂ ತಿಳಿದಿರಲಿಲ್ಲ. "ಕ್ಯಾನ್ ಐ ಟ್ರೈ ಇಟ್, ಅಪ್ಪಾ?" ಎಂದ. ಅಪ್ಪ ಅಮ್ಮನನ್ನು ನೋಡಿದರು.

"ಕೊಡಿ," ಎಂದರು ಅಮ್ಮ. "ಕದ್ದು ತಿನ್ನೋದಕ್ಕಿಂತ ವಾಸಿ."

ನಿಖಿಲ್ ತಿಂದ, ಇನ್ನೊಂದು ಬೇಕೆಂದ. ಆಗ ನನಗೆ ಹೊಳೆದದ್ದು ಇಷ್ಟೇ: ಟೇಬಲ್ಲಿನ ಆ ಕಡೆ ಅಪ್ಪ, ನಿಖಿಲ್, ಈ ಕಡೆ ಅಮ್ಮ, ಆಲೂಗಡ್ಡೆ. ನಾನು ಎಲ್ಲಿ ಕೂತರೂ ಒಬ್ಬರನ್ನು ಬಿಟ್ಟಹಾಗೆ. ಫೋರ್ಕ್ ಚಾಚಿ ಅಪ್ಪನ ತಟ್ಟೆಯಿಂದ ಒಂದು ತುಂಡು ತೆಗೆದುಕೊಂಡೆ. ಅಗಿದೆ. ಉಪ್ಪು, ಹೊಗೆ, ನಾರು. ಎಷ್ಟು ಅಗಿದರೂ ಮುಗಿಯದು. ನುಂಗಿ, ಕೂಡಲೇ ಅಮ್ಮನ ತಟ್ಟೆಯಿಂದ ಚಟ್ನಿಪುಡಿ ಹತ್ತಿದ ಆಲೂಗಡ್ಡೆ ತಿಂದೆ. ಮತ್ತೆ ಅಪ್ಪನದು. ಮತ್ತೆ ಅಮ್ಮನದು. ಒಂದು ತುತ್ತೂ ಆಚೀಚೆಯಾಗದಂತೆ. ಒಂದು ಕಡೆ ಹೆಚ್ಚು ತಿಂದರೆ ಇನ್ನೊಂದು ಕಡೆಯವರು ಎದ್ದು ಹೋಗಿಬಿಡುತ್ತಾರೆಂಬ ಭಯ.

ಚಳಿಗಾಲವೆಲ್ಲ ಹಾಗೆಯೇ ಉಂಡೆ. ಪ್ರತಿ ಶನಿವಾರ ಅಪ್ಪ ನಮ್ಮೆದುರಿಗೇ ಸ್ಟೇಕ್ ಹೇಳುತ್ತಿದ್ದರು, ಅಮ್ಮ ಆಲೂಗಡ್ಡೆ ಸೀಳುತ್ತಿದ್ದರು. ಇಬ್ಬರೂ ಮಾತಾಡುತ್ತಿದ್ದದ್ದು ನಮ್ಮ ಮೂಲಕ. "ನಿಮ್ಮಪ್ಪನ್ನ ಕೇಳು, ಸ್ನೋ ಟೈರ್ ಹಾಕ್ಸಿದಾರಾ ಅಂತ." "ಹಾಕಸ್ತಾರಂತ ಹೇಳು ನಿಮ್ಮಮ್ಮಗ." ಮನೆಯಲ್ಲಿ ಫೋನು ಅಪ್ಪನ ಕುರ್ಚಿಯ ಮುಂದೆ ಬರುವುದು ನಿಂತಿತ್ತು. ಅಮ್ಮ ಅದನ್ನು ಬೆಡ್‌ರೂಮಿಗೆ ಒಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಹೊರಗೆ ಕಾರ್ಪೆಟ್ಟಿನ ಮೇಲೆ ಕೂತು ಕಿವಿಗೊಡುತ್ತಿದ್ದೆ. ಜೋರು ಮಾತು ಕೇಳಿಸಿದ್ದರೆ ಸಮಾಧಾನವಾಗುತ್ತಿತ್ತೇನೋ. ಬಹಳ ಹೊತ್ತು ಯಾರೂ ಮಾತಾಡದೆ ಇದ್ದು, ಕೊನೆಗೆ ಅಮ್ಮನ "ಆಯ್ತು, ಇಡ್ತೀನಿ" ಮಾತ್ರ ಕೇಳಿಸುತ್ತಿತ್ತು. ಆ ಚಳಿಗಾಲ ನಾನು ಉಗುರು ಕಚ್ಚಿ ಕಚ್ಚಿ ಬೆರಳ ತುದಿಯೆಲ್ಲ ರಕ್ತ. ಊಟದಲ್ಲಿ ಸಾರು ತಗುಲಿದರೆ ಉರಿಯುತ್ತಿತ್ತು.

ಫೆಬ್ರವರಿಯ ಆ ಶನಿವಾರ ಬೆಳಿಗ್ಗೆಯಿಂದಲೇ ಟೀವಿಯಲ್ಲಿ ಹಿಮದ ಎಚ್ಚರಿಕೆ. ಮಿಷಿಗನ್ ಸರೋವರದ ಮೇಲಿಂದ ಬೀಸುವ ಗಾಳಿ ಹಿಮವನ್ನು ಹೊತ್ತು ತಂದು, ಸರಿಯಾಗಿ ಅಪ್ಪ ಬರಬೇಕಾದ ರಸ್ತೆಯ ಮೇಲೆ ಸುರಿಯುತ್ತದೆ. ಅದು ಪ್ರತಿ ವರ್ಷದ್ದೇ. ನಾನು, "ಇವತ್ತು ಬೇಡ ಅಮ್ಮಾ, ಅಪ್ಪಂಗೂ ಬೇಡ ಅಂತ ಹೇಳು," ಎಂದೆ. ಅಮ್ಮ, "ಇಲ್ಲ, ಇವತ್ತು ಹೋಗ್ಲೇಬೇಕು," ಎಂದು ಬೂಟು ಹಾಕಿಕೊಂಡರು. ನಮ್ಮ ಕಡೆಯ ರಸ್ತೆ ಅಷ್ಟೇನೂ ಕೆಟ್ಟಿರಲಿಲ್ಲ. ನಿಧಾನವಾಗಿ ತಲುಪಿದೆವು.

ಪಾರ್ಕಿಂಗ್ ಲಾಟಿನಲ್ಲಿ ಬೂದು ಕಾರು ಇರಲಿಲ್ಲ.

ಹಿಮ ಮುಚ್ಚಿದ ಕಾರುಗಳಲ್ಲಿ ಯಾವುದೋ ಒಂದು ಇರಬೇಕೆಂದು ನಾನು ಒಂದೆರಡು ಕಾರುಗಳ ಕಿಟಕಿಯನ್ನು ಗ್ಲೌಸಿನಿಂದ ಉಜ್ಜಿ ನೋಡಿದೆ. ಅಮ್ಮ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದರು. ಅಪ್ಪನ ಫೋನು ರಿಂಗಾಗದೆ ನೇರವಾಗಿ ವಾಯ್ಸ್‌ಮೇಲ್‌ಗೆ ಹೋಗುತ್ತಿತ್ತು. ಬಾರಿನ ಮೇಲಿದ್ದ ಟೀವಿಯಲ್ಲಿ ಐ-94 ಹೆದ್ದಾರಿಯ ಚಿತ್ರ ಬಂತು. ಲಾರಿಗಳು ಅಡ್ಡಡ್ಡ ಬಿದ್ದಿದ್ದವು, ಅವುಗಳ ನಡುವೆ ಕಾರುಗಳು ಸಿಕ್ಕಿಕೊಂಡಿದ್ದವು, ಮೇಲೆ ಬಿಳಿಯ ಧೂಳು. ಷಿಕಾಗೋ ಕಡೆಯಿಂದ ಬರುವ ದಾರಿ. ಅಮ್ಮ ಟೀವಿಗೆ ಬೆನ್ನು ಹಾಕುವಂತೆ ನಿಖಿಲ್‌ನನ್ನು ಕೂರಿಸಿದರು. ನನ್ನನ್ನು ಹಾಗೆ ಕೂರಿಸಲು ಹೊಳೆಯಲಿಲ್ಲ.

ಡೆಬ್ ಬಂದು ನೀರಿಟ್ಟಳು. ಉಳಿದ ಗಿರಾಕಿಗಳು ಒಬ್ಬೊಬ್ಬರೇ ಎದ್ದು ಹೋದರು. ಮ್ಯಾನೇಜರ್ ಬಂದು ಇವತ್ತು ಬೇಗ ಮುಚ್ಚಬೇಕಾಗಬಹುದು ಎಂದ. ಡೆಬ್ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಅವನು ನಮ್ಮನ್ನೊಮ್ಮೆ ನೋಡಿ ಒಳಗೆ ಹೋದ.

"ಅಮ್ಮಾ, ಅಪ್ಪ ಬರ್ತಾರಲ್ವಾ?"

ಅಮ್ಮ ಚಟ್ನಿಪುಡಿಯ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಿದ್ದರು, ಹಾಕುತ್ತಿದ್ದರು. ಆಮೇಲೆ ಕೈಯೆತ್ತಿ ಡೆಬ್‌ಳನ್ನು ಕರೆದರು. ತಮ್ಮ ಮೈಸೂರು ಇಂಗ್ಲಿಷಿನಲ್ಲಿ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವವರಂತೆ ಹೇಳಿದರು: "ಒನ್ ಸ್ಟೇಕ್, ಪ್ಲೀಸ್. ಮೀಡಿಯಂ ವೆಲ್. ಅವರು ಬರುವ ಹೊತ್ತಿಗೆ ತಯಾರಿರಲಿ."

ಡೆಬ್ ಒಂದು ಕ್ಷಣ ಅಮ್ಮನ ಭುಜ ಮುಟ್ಟಿ ಹೋದಳು.

ಸ್ಟೇಕ್ ಬಂತು. ಅಮ್ಮ ಅದನ್ನು ಅಪ್ಪನ ಜಾಗದ ಮುಂದೆ ಇಡಿಸಿದರು. ಮೊದಲು ಹಬೆಯಾಡಿತು. ಆಮೇಲೆ ಹಬೆ ನಿಂತಿತು. ಅಂಚಿನ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟತೊಡಗಿತು. ಡೆಬ್ ಅದನ್ನು ಎರಡು ಸಲ ಒಯ್ದು ಬಿಸಿ ಮಾಡಿ ತಂದಳು, ಎರಡು ಸಲವೂ ಆರಿತು. ನಿಖಿಲ್ ಬೆಂಚಿನ ಮೇಲೆ ಮಲಗಿ ನಿದ್ದೆಹೋದ. ಅಮ್ಮ ಆ ತಟ್ಟೆಯಿಂದ ಕಣ್ಣು ತೆಗೆಯಲೇ ಇಲ್ಲ. ಯಾವುದನ್ನು ನೋಡಿದರೆ ಇಷ್ಟು ದಿನ ಮುಖ ತಿರುಗಿಸುತ್ತಿದ್ದರೋ ಅದನ್ನೇ ದಿಟ್ಟಿಸುತ್ತ ಕೂತಿದ್ದರು. ಕಚ್ಚಲು ಉಗುರೇ ಉಳಿಯದ ಬೆರಳುಗಳನ್ನು ನಾನು ಮೇಜಿನ ಕೆಳಗೆ ಅಂಗೈಗೆ ಒತ್ತಿಕೊಳ್ಳುತ್ತ ದೇವರಿಗೆ ಏನೇನೋ ಹರಕೆ ಹೊತ್ತೆ. ಬದುಕಿ ಬರಲಿ, ಬೇಕಾದರೆ ಡಿವೋರ್ಸ್ ಆಗಲಿ ಎಂದೂ ಬೇಡಿಕೊಂಡೆ.

ಬಾಗಿಲು ತೆರೆದು ಹಿಮ ಗುಡಿಸುವ ಟ್ರಕ್ಕಿನ ಮುದುಕನೊಬ್ಬ ಒಳಗೆ ಬಂದ. ಅವನ ಹಿಂದೆ ಅಪ್ಪ. ಹಣೆಯ ಮೇಲೆ ಕರವಸ್ತ್ರ ಒತ್ತಿ ಹಿಡಿದಿದ್ದರು, ಅದು ಕೆಂಪಾಗಿತ್ತು. ಒಂದು ಬೂಟು ಇರಲಿಲ್ಲ. ಆ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರು.

"ಕಾರು ಕಾಲುವಿಯೊಳಗ ಐತಿ," ಎಂದರು. "ನಾ ಇಲ್ಲಿ ಅದೀನಿ."

ನಾನು ಓಡಿಹೋಗಿ ಅವರ ಒದ್ದೆ ಜಾಕೆಟ್ಟಿಗೆ ಮುಖ ಒತ್ತಿದೆ. ಅಮ್ಮ ಎದ್ದು ನಿಂತರು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಅಪ್ಪ ಬಂದು ಕೂತರು, ಎದುರಿಗಿದ್ದ ತಟ್ಟೆ ನೋಡಿದರು.

"ಇದು ಯಾರಿಗೆ?"

"ನಿಮಗೇ," ಎಂದರು ಅಮ್ಮ. "ಎರಡು ಸಲ ಬಿಸಿ ಮಾಡ್ಸಿದೆ. ಮತ್ತೆ ಆರಿಹೋಯ್ತು."

ಅಪ್ಪ ಚಾಕು ಎತ್ತಿಕೊಂಡರು. ಕೈ ಎಷ್ಟು ನಡುಗುತ್ತಿತ್ತೆಂದರೆ ಚಾಕು ತಟ್ಟೆಗೆ ಬಡಿದು ಟಕಟಕ ಸದ್ದು ಮಾಡಿತು. ಅಮ್ಮ ಮೇಜಿನ ಆಚೆಯಿಂದ ಬಾಗಿ ಚಾಕು, ಫೋರ್ಕ್ ಎರಡನ್ನೂ ಅವರ ಕೈಯಿಂದ ತೆಗೆದುಕೊಂಡು, ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಹುರುಳಿಕಾಯಿ ಹೆಚ್ಚುವ ಹಾಗೆ, ಸಣ್ಣದಾಗಿ, ಒಂದೇ ಸಮನಾಗಿ ಆ ಮಾಂಸವನ್ನು ಕತ್ತರಿಸಿದರು. ಮೂಗಿನ ಹೊಳ್ಳೆ ಬಿಗಿದಿತ್ತು, ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಪೂರ್ತಿ ಮುಗಿಸಿ ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

"ತಿನ್ನಿ."

ಅಪ್ಪ ತಿಂದರು. ಅಳುತ್ತ ತಿಂದರು. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಮ್ಮ ತುಂಡು ತುಂಡಿಗೂ ಅವರ ಬಾಯನ್ನೇ ನೋಡುತ್ತಿದ್ದರು. ನಡುವೆ ಒಮ್ಮೆ, "ಉಪ್ಪು ಸಾಕಾ?" ಎಂದು ಕೇಳಿದರು. ಮನೆಯಲ್ಲಿ ಬಡಿಸುವಾಗ ಕೇಳುವ ಹಾಗೆ ಅವರು ಅಪ್ಪನನ್ನು ಕೇಳಿ ಎಷ್ಟೋ ವಾರಗಳಾಗಿದ್ದವು.

ಅವತ್ತು ಪಕ್ಕದ ಮೋಟೆಲ್‌ನಲ್ಲಿ ನಾಲ್ವರೂ ಒಂದೇ ಕೋಣೆಯಲ್ಲಿ ಉಳಿದುಕೊಂಡೆವು. ಅಮ್ಮ ಲ್ಯಾಬಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದರು. ಬೆಳಿಗ್ಗೆ ಮೋಟೆಲ್‌ನ ಕಾಗದದ ಲೋಟದಲ್ಲಿ ಕಾಫಿ ಕುಡಿಯುತ್ತ ಅಪ್ಪನಿಗೆ, "ಷಿಕಾಗೋ ಕಡೆ ಆಸ್ಪತ್ರೆಗಳಿಗೆ ಅಪ್ಲೈ ಮಾಡ್ತೀನಿ. ಸಿಕ್ಕಿದ ಕಡೆ ಹೋಗೋಣ," ಎಂದರು. "ಮನಿ?" ಎಂದರು ಅಪ್ಪ. "ಮನೆ ನಷ್ಟಕ್ಕೆ ಹೋದ್ರೆ ಹೋಗ್ಲಿ."

ಆ ವರ್ಷದ ಸ್ಕೂಲು ಮುಗಿಯುವ ಹೊತ್ತಿಗೆ ಅಮ್ಮನಿಗೆ ಕೆಲಸ ಸಿಕ್ಕಿತು. ಜೂನ್‌ನಲ್ಲಿ ನೇಪರ್‌ವಿಲ್‌ಗೆ ಬಂದೆವು. ಬಂದ ವಾರವೇ ಹತ್ತಿರದ ಊರು ಲೆಮಾಂಟ್‌ನ ಗುಡಿಗೆ ಹೋಗಿ, ನಾನು ಯಾರಿಗೂ ಹೇಳದೆ ಹೊತ್ತ ಹರಕೆಗಳಲ್ಲಿ ನೆನಪಿದ್ದಷ್ಟನ್ನು ತೀರಿಸಿದೆ. ಅಪ್ಪ ಆಮೇಲೆ ಹೊರಗೆ ಹೋದಾಗ ಆಗೊಮ್ಮೆ ಈಗೊಮ್ಮೆ ಸ್ಟೇಕ್ ತಿಂದಿದ್ದಾರೆ, ಅಮ್ಮನೆದುರಿಗೇ. ನಾನು ಕಾಲೇಜಿಗೆ ಹೋದ ಮೇಲೆ ಬಿಟ್ಟೆ. ಅದು ಗಂಟಲಲ್ಲಿ ಇಳಿಯುವಾಗಲೆಲ್ಲ ನಾನು ಎದುರಿಗೆ ಕೂತವರ ಮುಖ ನೋಡಲು ಶುರುಮಾಡುತ್ತಿದ್ದೆ.

ಮದುವೆ ಮುಗಿಸಿ ಬಂದ ಮೇಲೆ ಒಂದು ದಿನ ಅಮ್ಮನ ಮನೆಗೆ ಹೋಗಿದ್ದೆ. ಅಮ್ಮ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ತೆಗೆದುಕೊಂಡು ಕೂತೆ. ಕಲಮಜೂದಲ್ಲಿ ಇಳಿದದ್ದನ್ನು ಹೇಳಿ, "ಆ ವರ್ಷ ನೀವಿಬ್ರೂ ಬೇರೆ ಆಗ್ಬಿಡ್ತೀರಿ ಅಂತ ಎಷ್ಟು ಹೆದರಿದ್ದೆ ಗೊತ್ತಾ ಅಮ್ಮಾ? ಈಗ ನೆನೆಸ್ಕೊಂಡ್ರೆ ನಗು ಬರತ್ತೆ," ಎಂದೆ.

ಅಮ್ಮ ನಗಲಿಲ್ಲ. ಒಂದೆರಡು ಎಲೆ ಚಿವುಟಿ ಪಾತ್ರೆಗೆ ಹಾಕಿದರು.

"ಆ ಸ್ನೋ ದಿನ ಹೇಳ್ಬೇಕು ಅಂತಾನೇ ಹೊರಟಿದ್ದೆ," ಎಂದರು.

"ಏನು?"

"ಇನ್ಮೇಲೆ ಬರಲ್ಲ ಅಂತ. ನಿಮ್ಮಿಬ್ರನ್ನೂ ಕರ್ಕೊಂಡು ಮೈಸೂರಿಗೆ ಹೋಗ್ತೀನಿ ಅಂತ. ನಿಮ್ಮ ಸೋದರಮಾವನ ಹತ್ರ ಮಾತಾಡಿದ್ದೆ."

"ಸ್ಟೇಕ್ ತಿಂದಿದ್ದಕ್ಕಾ?"

"ತಿಂದಿದ್ದಕ್ಕಲ್ಲ ಕಣೆ. ಒಬ್ರೇ ತಿಂದು, ಬಾಯಿ ಒರೆಸ್ಕೊಂಡು, ಏನೂ ಆಗಿಲ್ಲ ಅನ್ನೋ ಹಾಗೆ ನಮ್ಮ ಜೊತೆ ಆಲೂಗಡ್ಡೆ ತಿಂತಾ ಕೂತಿದ್ರಲ್ಲ. ಅಷ್ಟು ಚೆನ್ನಾಗಿ ಬಚ್ಚಿಡೋಕೆ ಬರೋರು ಇನ್ನೇನು ಬಚ್ಚಿಟ್ಟಿದಾರೋ ಅನ್ನಿಸ್ಬಿಡ್ತು. ನಿದ್ದೆ ಬರ್ತಿರ್ಲಿಲ್ಲ." ಅಮ್ಮ ಬರಿದಾದ ದಂಟನ್ನು ಕೆಳಗಿಟ್ಟರು. "ಟೀವೀಲಿ ಆ ಲಾರಿಗಳನ್ನ ನೋಡ್ದೆ. ಬಂದ್ರೆ ಸಾಕು, ಬಂದ ಮೇಲೆ ಹೇಳೋಣ ಅಂದ್ಕೊಂಡೆ. ಬಂದ್ರು. ಹೇಳೋಕೆ ಆಗ್ಲಿಲ್ಲ."

"ಅಪ್ಪಂಗೆ ಗೊತ್ತಾ?"

ಅಮ್ಮ ತಲೆಯಾಡಿಸಿದರು, ಇಲ್ಲವೆಂದು.

ಅಷ್ಟು ವರ್ಷ ನನ್ನದು ಮಕ್ಕಳ ಹುಚ್ಚು ಭಯ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಹಿಡಿದಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟೆ.

ಹಿತ್ತಲ ಬಾಗಿಲು ಸರಿಯಿತು. ಅಪ್ಪ ಮೊಮ್ಮಗಳ ಕೈ ಹಿಡಿದು ಒಳಗೆ ಬಂದರು, ಇಬ್ಬರ ಕೈಯೂ ಮಣ್ಣು. "ಏನು, ತಾಯಿ ಮಗಳು ಗುಸುಗುಸು ನಡಸೀರಿ?" ಎಂದರು.

"ಏನಿಲ್ಲ," ಎಂದರು ಅಮ್ಮ. "ಅವಳ ಕೈ ತೊಳೆಸಿ, ನೀವೂ ತೊಳ್ಕೊಂಡು ಬನ್ನಿ. ಊಟಕ್ಕೆ ಹಾಕ್ತೀನಿ."

ಅಪ್ಪ ಮಗುವನ್ನು ಕರೆದುಕೊಂಡು ಬಾತ್‌ರೂಮಿಗೆ ಹೋದರು. ಒಳಗೆ ನೀರು ಬೀಳುವ ಸದ್ದು, ಮಗಳ ನಗು. ಸದ್ದು ನಿಲ್ಲುವವರೆಗೂ ನಾನು, ಬೂದು ಕಾರಿಗಾಗಿ ಕಾಯುತ್ತಿದ್ದ ಹಾಗೆ, ಆ ಬಾಗಿಲನ್ನೇ ನೋಡುತ್ತಿದ್ದೆ. ಆಮೇಲೆ ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.